ಊಟದ ನಂತರ ಒತ್ತಿದ ಬಿಲ್ಲೆ

ಫೆಬ್ರವರಿ 18

ಮಗಳಿಗೆ,

ಫೋನನ್ನು ನೀನು ಅರ್ಧ ಮಾತಿಗೇ ಇಟ್ಟುಬಿಟ್ಟೆ. ಇಡು. ಕಾಗದವನ್ನು ಹಾಗೆ ಅರ್ಧಕ್ಕೆ ಇಡುವುದು ನಿನ್ನಿಂದಾಗದು. ಕೊನೆಯಲ್ಲಿ ಏನಿದೆ ಎಂದು ನೋಡದೆ ನಿನಗೆ ಊಟ ಸೇರುವುದಿಲ್ಲ, ಹೆತ್ತವಳಿಗೆ ಅಷ್ಟು ಗೊತ್ತಿದೆ. ನಿಮ್ಮಪ್ಪ ಪೇಪರಿನ ಹಿಂದಿನಿಂದ "ಬೇಡ ಕಣೇ, ಸುಮ್ನಿರು" ಅಂದರು. ಮದುವೆಯಾದಾಗಿನಿಂದ ಅದನ್ನೇ ಅನ್ನುತ್ತಿದ್ದಾರೆ, ನಾನು ಯಾವತ್ತು ಸುಮ್ಮನಿದ್ದೇನೆ?

ಹೋದ ತಿಂಗಳ ಕೊನೆಗೆ ನೀನು ಮನೆಗೆ ಬಂದಾಗ ಒಂದು ಗ್ರಾಫಿನ ನಕಲು ಕೈಗಿಟ್ಟು "ನೋಡಮ್ಮ, ನನ್ನ ಸಹಿ ಇರೋ ಮೊದಲ ವರದಿ" ಅಂದೆ. ಹೊಟ್ಟೆಯುರಿಗೆ ಕೊಡುವ ಬಿಳಿ ಪುಡಿಯಲ್ಲಿ ಜಿಡ್ಡು ಬೆರೆತಿದೆ ಎಂದು ನಿಮ್ಮ ಔಷಧಿ ಪರೀಕ್ಷಾಲಯದಲ್ಲಿ ನೀನು ಕಂಡುಹಿಡಿದದ್ದು, ಕಾರ್ಖಾನೆಯವರು ಅಷ್ಟೂ ಪುಡಿಯನ್ನು ಚೆಲ್ಲಿದ್ದು, ಜರಡಿ ಹಿಡಿಯುವವನು ಜಿಡ್ಡುಗೈಯಲ್ಲಿ ಪುಡಿ ಮುಟ್ಟಿದ ಎಂದು ಅವನನ್ನು ಮರುವಾರವೇ ಹೊರಗೆ ಹಾಕಿದ್ದು, ಎಲ್ಲವನ್ನೂ ನಗುನಗುತ್ತ ಹೇಳಿದೆ. ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಿಂದ ಬೀಗಿದೆ. ಪಕ್ಕದ ಮನೆಯವರಿಗೂ ತೋರಿಸಿದೆ, ಅವರಿಗೆ ಅದು ಭೂಕಂಪದ ಗೆರೆಯೋ ಹೃದಯದ ಗೆರೆಯೋ ಗೊತ್ತಾಗಲಿಲ್ಲ.

ಆಮೇಲೆ ಭೂತಗನ್ನಡಿ ಹಿಡಿದು ಕೂತೆ. ಗ್ರಾಫಿನ ಕೆಳಗಿನ ಅಂಕಿಗಳಲ್ಲಿ ಎರಡು ಸಾವಿರದ ಒಂಬೈನೂರರ ಆಸುಪಾಸಿನಲ್ಲಿ ಗೆರೆ ಕೆಳಕ್ಕೆ ಇಳಿದ ಜೋಡಿ ಹಲ್ಲು, ಜಿಡ್ಡಿನ ಗುರುತು. ಸಾವಿರದ ಏಳುನೂರ ನಲವತ್ತರ ಹತ್ತಿರ ಒಂಟಿ ಹಲ್ಲು. ಜಿಡ್ಡು ಹೌದು, ಆದರೆ ಯಂತ್ರದ ಗ್ರೀಸಿಗೆ ಆ ಒಂಟಿ ಹಲ್ಲು ಇರುವುದಿಲ್ಲ. ಅದು ಎಣ್ಣೆ, ಮೇಣ, ಅಂಥದ್ದು. ಕಾರ್ಖಾನೆಯಲ್ಲಿ ಅದು ಎಲ್ಲಿಂದ ಬಂತು? ಅಥವಾ ನಿನ್ನ ಮೇಜಿನ ಮೇಲೇ ಇತ್ತೇ? ಇದನ್ನು ಕೇಳಿದ್ದಕ್ಕೇ ಅಲ್ಲವೇ ನೀನು ಫೋನಿಟ್ಟದ್ದು?

ಮುಖ ಗಂಟಿಕ್ಕಬೇಡ. ಅತಿಗೆಂಪು ಬೆಳಕಿಗೆ ಪುಡಿ ಯಾವುದು, ಪುಡಿಗೆ ಅಂಟಿದ ಕೊಳೆ ಯಾವುದು ಎಂಬ ಭೇದವಿಲ್ಲ. ಪುಡಿಯನ್ನು ಉಪ್ಪಿನ ಜೊತೆ ಅರೆದು ಒತ್ತಿದ ಬಿಲ್ಲೆಯೊಳಗೆ ಏನೇನಿದೆಯೋ ಎಲ್ಲವನ್ನೂ ಒದರಿಬಿಡುತ್ತದೆ. ಎಲ್ಲಿಂದ ಬಂತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಹೇಳಬೇಕಾದವಳು ಅರೆದವಳು. ಆದ್ದರಿಂದ ಬರೆದು ತಿಳಿಸು: ಕಲ್ಬತ್ತನ್ನು ಯಾವುದರಿಂದ ಒರೆಸಿದೆ? ಉಪ್ಪನ್ನು ಎಷ್ಟು ಹೊತ್ತು ಒಣಗಿಸಿದೆ? ಪುಡಿ ಬೆರೆಸುವ ಮುಂಚೆ ಬರೀ ಉಪ್ಪಿನ ಬಿಲ್ಲೆ ಒತ್ತಿ ನೋಡಿದೆಯಾ, ನೋಡಿದ್ದರೆ ಎಷ್ಟು ಗಂಟೆಗೆ? ಈಗಲೂ ಕಲ್ಬತ್ತಿನ ಗುಂಡಿಗೆ ಅಂಟಿದ ಪುಡಿಯನ್ನು ಬೆರಳಿನಿಂದಲೇ ಸವರಿ ಕೆಳಗೆ ತಳ್ಳುತ್ತೀಯಾ? ಹನ್ನೆರಡು ವರ್ಷದವಳು ರಜೆಯಲ್ಲಿ ನನ್ನ ಪ್ರಯೋಗಶಾಲೆಗೆ ಬರುತ್ತಿದ್ದಾಗಿನಿಂದ ಆ ಚಾಳಿ ನಿನಗಿದೆ. ಎಷ್ಟು ಸಲ ಕೈ ಮೇಲೆ ಹೊಡೆದಿದ್ದೇನೆ.

ಒಬ್ಬ ಮನುಷ್ಯನ ಕೆಲಸ ಹೋಗಿದೆ. ಕೇಳಿದ್ದಕ್ಕೆ ಉತ್ತರ ಕೊಡು.

ಅಮ್ಮ


ಮಾರ್ಚ್ 1

ಅಮ್ಮ,

ಕೊನೆಯವರೆಗೂ ಓದಿದೆ. ಖುಷಿಯಾಯಿತಾ?

ನಾನು ನಿನ್ನ ಕೈಕೆಳಗೆ ತರಬೇತಿಗೆ ಬಂದವಳಲ್ಲ. ಆದರೂ ಉತ್ತರ ಕೊಡುತ್ತೇನೆ, ಇಲ್ಲದಿದ್ದರೆ ನಾಳೆ ನೀನು ನಮ್ಮ ಗೇಟಿನ ಮುಂದೆ ಬಂದು ನಿಲ್ಲುವವಳೇ. ಕಲ್ಬತ್ತನ್ನು ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಮೂರು ಸಲ ಒರೆಸಿದೆ, ಪೂರ್ತಿ ಆರಲು ಬಿಟ್ಟೆ. ಉಪ್ಪು, ಅಂದರೆ ನಿನ್ನ ಪ್ರಾಣಪ್ರಿಯ ಪೊಟ್ಯಾಸಿಯಂ ಬ್ರೋಮೈಡ್, ಒಂದು ದಿನವಿಡೀ ನೂರ ಹತ್ತು ಡಿಗ್ರಿಯಲ್ಲಿ ಒಣಗಿತ್ತು. ಬರೀ ಉಪ್ಪಿನ ಬಿಲ್ಲೆ ಬೆಳಿಗ್ಗೆ ಹತ್ತಕ್ಕೆ ಒತ್ತಿದೆ, ಗಾಜಿನ ಹಾಗೆ ಇತ್ತು, ಗ್ರಾಫಿನಲ್ಲಿ ಒಂದು ಗೀರಿಲ್ಲ. ಯಂತ್ರದ ಮುಂದೆ ಸರದಿ ಇದ್ದದ್ದರಿಂದ ಪುಡಿಯ ಬಿಲ್ಲೆ ಒತ್ತಿದ್ದು ಊಟವಾದ ಮೇಲೆ, ಎರಡೂವರೆಗೆ. ಅನುಮಾನ ಬೇಡವೆಂದು ಕಾಲು ಗಂಟೆ ಬಿಟ್ಟು ಇನ್ನೊಂದು ಒತ್ತಿದೆ. ಎರಡರಲ್ಲೂ ಅದೇ ಹಲ್ಲುಗಳು. ಎರಡು ಬಿಲ್ಲೆ ಒಂದೇ ಮಾತು ಹೇಳಿದರೆ ಅದು ಹೇಗಮ್ಮ ಸುಳ್ಳಾಗುತ್ತೆ?

ಜಿಡ್ಡು ಎಣ್ಣೆಯದೇ ಎಂದು ನಾನೂ ವರದಿಯಲ್ಲಿ ಬರೆದಿದ್ದೇನೆ. ಅದಕ್ಕೇ ಕಾರ್ಖಾನೆಯವರು ಜರಡಿಯವನನ್ನು ಹಿಡಿದದ್ದು. ಅವನು ಜರಡಿಯ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದನಂತೆ. ಅವನ ಚೀಲ ತಡಕಿದಾಗ ಎಣ್ಣೆ ಜಿನುಗುವ ಡಬ್ಬಿಯೂ ಸಿಕ್ಕಿತಂತೆ. ಊಟದ ಡಬ್ಬಿಯಲ್ಲಿ ಎಣ್ಣೆ ಇರದೆ ಇನ್ನೇನಿರುತ್ತೆ ಎಂದು ನೀನು ಕೇಳುತ್ತೀಯ. ಕೇಳು. ಅದು ನನ್ನ ಕೆಲಸವಲ್ಲ.

ಹೌದು, ಬೆರಳಿನಿಂದಲೇ ತಳ್ಳುತ್ತೇನೆ. ಕೈಗವಸಿನ ಒಳಗಿನ ಪುಡಿ ಗ್ರಾಫಿನಲ್ಲಿ ಕಾಣುತ್ತೆ, ಒಣಗಿದ ಬರಿಗೈಯೇ ವಾಸಿ ಎಂದು ಹೇಳಿಕೊಟ್ಟವಳು ನೀನೇ. ನನ್ನ ಬೆರಳು ನಿನ್ನ ಬೆರಳಿನ ಹಾಗೆ ಬಿರಿದು ರಕ್ತ ಸೋರುತ್ತಿಲ್ಲ, ಅದೊಂದಕ್ಕೆ ನಿನಗೆ ಋಣಿ. ನವೆಂಬರಿನಲ್ಲಿ ನೀನು ಕೊಟ್ಟ ಮುಲಾಮನ್ನು ಶೀಶೆಯ ಮೇಲೆ ಬರೆದಂತೆ ದಿನಕ್ಕೆ ಮೂರು ಸಲ ತಪ್ಪದೆ ಹಚ್ಚುತ್ತೇನೆ. ನಿನ್ನ ಮಾತು ಎಷ್ಟು ಕೇಳುತ್ತೇನೆ ನೋಡು.

ನಿಜ ಹೇಳಲಾ? ನಿನಗೆ ಆ ಜರಡಿಯವನ ಚಿಂತೆಯಲ್ಲ. ಮೂವತ್ತೊಂದು ವರ್ಷ ಅರೆದೆ, ಒತ್ತಿದೆ, ಒಂದು ಗ್ರಾಫಿನ ಕೆಳಗೂ ನಿನ್ನ ಸಹಿ ಬರಲಿಲ್ಲ. ಮಗಳ ಸಹಿ ಬಂತು, ಅದು ನಿನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ನಿನ್ನ ಮಗಳು


ಮಾರ್ಚ್ 29

ಮಗಳಿಗೆ,

ಚುಚ್ಚಬೇಕೆಂದು ಬರೆದ ಕೊನೆಯ ಸಾಲು ಚುಚ್ಚಿತು, ಸಂತೋಷಪಡು. ಅದಕ್ಕೆ ಉತ್ತರ ಇನ್ನೊಂದು ದಿನ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಾಲಲ್ಲ, ಅದರ ಮೇಲಿನ ಮುಲಾಮಿನ ಮಾತು. ಬೆಳಿಗ್ಗೆ ಬರೀ ಉಪ್ಪು ಶುಭ್ರ. ಊಟವಾಯಿತು, ನೀನು ಕೈ ತೊಳೆದೆ, ಮುಲಾಮು ಹಚ್ಚಿದೆ, ಬೆರಳಿನಿಂದ ತಳ್ಳಿದೆ, ಬಿಲ್ಲೆಯಲ್ಲಿ ಜಿಡ್ಡು.

ಕಾಗದವನ್ನು ನಾಲ್ಕು ಸಲ ಓದಿದೆ. ಆಮೇಲೆ ಚಪ್ಪಲಿ ಮೆಟ್ಟಿ ನನ್ನ ಹಳೆಯ ಪ್ರಯೋಗಶಾಲೆಗೆ ಹೋದೆ. ಈಗ ನನ್ನ ಜಾಗದಲ್ಲಿರುವ ಹುಡುಗಿ, ನಾನು ಗುಬ್ಬಿ ಎಂದು ಕರೆಯುತ್ತಿದ್ದೆನಲ್ಲ, ಅವಳು ಯಂತ್ರ ಬಿಟ್ಟುಕೊಟ್ಟಳು. ಮೊದಲು ಒಣಗೈಯಲ್ಲಿ ಬರೀ ಉಪ್ಪು ಅರೆದೆ. ಏನೂ ಇಲ್ಲ. ಆಮೇಲೆ ನಿನಗೆ ಕೊಟ್ಟದ್ದೇ ಮುಲಾಮು ಹಚ್ಚಿಕೊಂಡು, ಕಾಲು ಗಂಟೆ ಕೂತು, ಕರವಸ್ತ್ರದಲ್ಲಿ ಕೈಯೊರೆಸಿಕೊಂಡು, ನಿನ್ನ ಹಾಗೆಯೇ ಗುಂಡಿನಿಂದ ಉಪ್ಪನ್ನು ಬೆರಳಿನಲ್ಲಿ ಸವರಿ ತಳ್ಳಿ ಒತ್ತಿದೆ. ಬಿಲ್ಲೆ ಕಣ್ಣಿಗೆ ಕನ್ನಡಿಯಷ್ಟು ಚೆನ್ನಾಗಿತ್ತು. ಗ್ರಾಫು ಹೊರಬಂತು. ಗುಬ್ಬಿ "ಅಮ್ಮಾ, ಇದೇನಿದು ಜಿಡ್ಡು?" ಅಂದಳು.

ಆ ಗ್ರಾಫನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನದರ ಮೇಲಿಟ್ಟು ಕಿಟಕಿಯ ಗಾಜಿಗೆ ಹಿಡಿ. ಹಲ್ಲಿನ ಮೇಲೆ ಹಲ್ಲು ಕೂರುತ್ತದೆ.

ಯಾರ ಮೇಲೆ ಕೂಗಾಡಲಿ ಹೇಳು. ಮೇಣ ಕರಗಿಸಿ ಎಣ್ಣೆ ಬೆರೆಸಿ ಕಾಯಿಸಿದವಳು ನಾನು. ಶೀಶೆಯ ಮೇಲೆ ದಿನಕ್ಕೆ ಮೂರು ಸಲ ಎಂದು ದುಂಡಗೆ ಬರೆದವಳೂ ನಾನು. ಮೂವತ್ತೊಂದು ವರ್ಷ ನನ್ನ ಕೈಗೆ ಹಗಲು ಹೊತ್ತಿನಲ್ಲಿ ಏನೂ ಸೋಕಿಸಲಿಲ್ಲ, ಚರ್ಮ ಸೀಳಿದರೂ ಹಲ್ಲು ಕಚ್ಚಿಕೊಂಡು ಅರೆದೆ. ನಿನ್ನ ಬೆರಳ ತುದಿ ಬಿರಿದದ್ದನ್ನು ಕಂಡಾಗ ಮಾತ್ರ ಕರುಳು ಚುರುಕ್ ಅಂತು, ಬುದ್ಧಿ ಕೈಕೊಟ್ಟಿತು. ಬಿಲ್ಲೆ ಒತ್ತುವ ದಿನ ಹಚ್ಚಬೇಡ ಎಂದು ಒಂದು ಸಾಲು ಬರೆಯಲಿಲ್ಲ. ಬೇರೆ ಯಾವ ಅಮ್ಮ ಮಾಡಿದ್ದರೂ ಅದು ಬರೀ ಮುಲಾಮು. ನಾನು ಮಾಡಿದ್ದಕ್ಕೆ ಕ್ಷಮೆಯಿಲ್ಲ, ಯಾಕೆಂದರೆ ನನಗೆ ಗೊತ್ತಿತ್ತು.

ನಿನಗೂ ಗೊತ್ತಿರಬೇಕಿತ್ತು! ಬೆಳಿಗ್ಗೆ ಹತ್ತರ ಬಿಲ್ಲೆ ಮಧ್ಯಾಹ್ನ ಎರಡೂವರೆಯ ಕೈಗೆ ಹೇಗೆ ಸಾಕ್ಷಿಯಾಗುತ್ತದೆ? ಎರಡನೆಯ ಬಿಲ್ಲೆಯನ್ನೂ ಅದೇ ಕೈ ಒತ್ತಿತಲ್ಲ?

ಈಗ ಕೇಳು. ಮಾದರಿಯ ಅರ್ಧವನ್ನು ಮೊಹರು ಹಾಕಿ ಆರು ತಿಂಗಳು ಇಟ್ಟು ಆಮೇಲೆ ಸುಡುವುದು ನಿಮ್ಮಲ್ಲಿನ ನಿಯಮ. ನಿನ್ನ ಗ್ರಾಫಿನ ಮೇಲಿರುವ ತಾರೀಖು ಜನವರಿ ಹನ್ನೆರಡು. ಜುಲೈ ಹನ್ನೆರಡಕ್ಕೆ ಅದು ಬೂದಿ. ಅಷ್ಟರೊಳಗೆ ಅದನ್ನು ತೆರೆಸಿ ಮತ್ತೆ ಒತ್ತದಿದ್ದರೆ ಆ ಮನುಷ್ಯ ಬದುಕಿರುವಷ್ಟು ದಿನವೂ ಕೊಳಕುಗೈಯವನು. ಕೊಳೆ ಇದ್ದದ್ದು ನಮ್ಮ ಕೈಯಲ್ಲಿ.

ಅಮ್ಮ


ಮೇ 16

ಮಗಳಿಗೆ,

ನಲವತ್ತೆಂಟು ದಿನ. ಒಂದು ಸಾಲಿಲ್ಲ. ಫೋನು ಮಾಡಿದರೆ ಅಪ್ಪನ ಜೊತೆ ಹವಾಮಾನ ಮಾತಾಡಿ ಇಡುತ್ತೀಯ. ಅವರೋ, "ಚೆನ್ನಾಗಿದ್ದಾಳೆ" ಎಂದು ನನಗೆ ವರದಿ ಒಪ್ಪಿಸುತ್ತಾರೆ.

ಕಾಗದ ತಲುಪಿಲ್ಲ ಎಂದು ಮಾತ್ರ ಹೇಳಬೇಡ. ಗ್ರಾಫನ್ನು ಕಿಟಕಿಗೆ ಹಿಡಿದಿದ್ದೀಯ, ನನಗೆ ಗೊತ್ತು. ಹಿಡಿದು ನೋಡಿದ್ದರಿಂದಲೇ ಬಾಯಿ ಕಟ್ಟಿದೆ.

ಇನ್ನು ಐವತ್ತೇಳು ದಿನ.

ಅಮ್ಮ


ಮೇ 30

ಅಮ್ಮ,

ಹಿಡಿದೆ. ನಮ್ಮ ಮೆಟ್ಟಿಲ ಕಿಟಕಿಗೆ, ಯಾರೂ ಇಲ್ಲದಾಗ. ಹಲ್ಲಿನ ಮೇಲೆ ಹಲ್ಲು ಕೂತಿತು. ಶೀಶೆಯನ್ನು ಅವತ್ತೇ ಕಸದ ಬುಟ್ಟಿಗೆ ಹಾಕಿದೆ. ಈಗ ನನ್ನ ಬೆರಳೂ ನಿನ್ನದರಂತೆಯೇ ಸೀಳಿದೆ, ಬರೆಯುವಾಗ ಉರಿಯುತ್ತಿದೆ. ಸಂತೋಷವಾ?

ಸುಮ್ಮನೆ ಕೂತಿದ್ದೆ ಅಂದುಕೊಂಡೆಯಾ? ಏಪ್ರಿಲಿನಲ್ಲೇ ವಿಭಾಗದ ಮುಖ್ಯಸ್ಥರ ಮುಂದೆ ಎರಡೂ ಗ್ರಾಫು ಇಟ್ಟೆ. ಅವರು ಕನ್ನಡಕ ತೆಗೆದರು, ಹಾಕಿದರು, ನನ್ನ ಕಡೆ ನೋಡದೆ ಹೇಳಿದರು: "ಹೋದ ವರದಿ ಹೋಯ್ತು. ನಿನ್ನ ಕೆಲಸ ಖಾಯಂ ಆಗೋದು ಆಗಸ್ಟ್‌ನಲ್ಲಿ. ನಿನ್ನ ಒಂದು ವರದಿ ತಪ್ಪು ಅಂದ್ರೆ ಇಡೀ ವಿಭಾಗದ್ದೇ ತಪ್ಪು ಅಂತಾರೆ ಜನ. ಈ ಕಾಗದ ನಾನು ನೋಡಿಲ್ಲ. ನೀನೂ ತೋರಿಸಿಲ್ಲ." ನಾನು ತಲೆಯಾಡಿಸಿ ಬಂದೆ. ಹೌದು, ತಲೆಯಾಡಿಸಿದೆ. ಬೈಯ್ಯಿ.

ಅಷ್ಟಕ್ಕೇ ಮುಗಿಯಲಿಲ್ಲ. ಜರಡಿಯವನು ಬರುತ್ತಾನೆ. ಮೂರು ಸಲ ಬಂದ. ಒಳಗೆ ಬಿಡುವುದಿಲ್ಲ, ಗೇಟಿನ ಹೊರಗೆ ನಿಂತಿರುತ್ತಾನೆ. ಐವತ್ತರ ಹತ್ತಿರದ ಮನುಷ್ಯ, ಇಸ್ತ್ರಿ ಹಾಕಿದ ಶರ್ಟು. ಜಗಳವಿಲ್ಲ, ಕೂಗಾಟವಿಲ್ಲ. ಒಳಗೆ ಹೋಗುವವರಿಗೆಲ್ಲ ಒಂದೇ ಮಾತು: "ಇನ್ನೊಂದು ಸಲ ನೋಡೋಕೆ ಹೇಳ್ತೀರಾ?" ಹೇಳಿ ವಿಳಾಸ ಬರೆದ ಚೀಟಿ ಕೊಡುತ್ತಾನೆ. ನನಗೂ ಕೊಟ್ಟ, ಮೂರು ಸಲವೂ. ವರದಿ ಬರೆದವಳು ನಾನೇ ಎಂದು ಅವನಿಗೆ ಗೊತ್ತಿಲ್ಲ. ಮೂರು ಚೀಟಿಯೂ ನನ್ನ ಮೇಜಿನ ಖಾನೆಯಲ್ಲಿವೆ. ಪೆನ್ನು ತೆಗೆಯಲು ಖಾನೆ ಎಳೆದಾಗಲೆಲ್ಲ ಮೈಯೆಲ್ಲ ಉರಿಯುತ್ತೆ, ಅವನ ಮೇಲೆ, ಸಾಹೇಬರ ಮೇಲೆ, ಎಲ್ಲಕ್ಕಿಂತ ಹೆಚ್ಚು ನಿನ್ನ ಮೇಲೆ.

ಮುಲಾಮು ನಿನ್ನದು. ಬರಿಗೈ ಪಾಠ ನಿನ್ನದು. ಕೆಲಸ ಕಳೆದುಕೊಳ್ಳಬೇಕಾದವಳು ನಾನು ಮಾತ್ರ. ನೀನು ನಿವೃತ್ತಿಯಾಗಿ ಜಗುಲಿಯಲ್ಲಿ ಕೂತು ದಿನ ಎಣಿಸುತ್ತೀಯ, ಐವತ್ತೇಳು, ಐವತ್ತಾರು. ಎಷ್ಟು ಸುಲಭ ಅಮ್ಮ!

ಮಗಳು


ಜೂನ್ 8

ಮಗಳಿಗೆ,

ಸುಲಭವಲ್ಲ, ಆದರೆ ನೀನು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಸಹಿಯ ಮಾತಿಗೆ ಉತ್ತರ ಬಾಕಿ ಇತ್ತು, ತಗೋ.

ನನ್ನ ಪ್ರೊಫೆಸರು ಒಂದು ಗ್ರಾಫಿಗೆ ಸಹಿ ಹಾಕುವ ಹೊತ್ತಿಗೆ ನನಗೆ ಗೊತ್ತಿತ್ತು, ಆ ದಿನ ಉಪ್ಪು ತೇವ ಎಳೆದುಕೊಂಡಿತ್ತು, ಕಾಣುತ್ತಿದ್ದ ಹಲ್ಲು ನೀರಿನದು, ವಸ್ತುವಿನದಲ್ಲ. ಹೇಳಿದೆ. "ನಿಮ್ಮ ಕೆಲಸ ಅರೆಯೋದು" ಅಂದರು. ನಾನು ಹೋಗಿ ಅರೆದೆ. ಆ ಗ್ರಾಫನ್ನು ನಂಬಿ ಸಂಶೋಧನೆ ಮಾಡುತ್ತಿದ್ದ ಒಬ್ಬ ಹುಡುಗಿಯ ಎರಡು ವರ್ಷ ಮಣ್ಣುಪಾಲಾಯಿತು. ಓದು ಬಿಟ್ಟು ಹೋದಳು. ಹೋಗುವ ದಿನ ನನ್ನ ಬಳಿ ಬಂದು "ಎಲ್ಲಿ ತಪ್ಪಾಯ್ತು ಅಂತ ನಿಮಗೇನಾದ್ರೂ ಗೊತ್ತಾ ಅಕ್ಕ?" ಎಂದು ಕೇಳಿದಳು. ಇಲ್ಲ ಅಂದೆ. ಸಹಿ ಹಾಕದವರನ್ನು ಯಾರೂ ಕೇಳುವುದಿಲ್ಲ, ಆ ನೆಮ್ಮದಿಯಲ್ಲಿ ಮೂವತ್ತೊಂದು ವರ್ಷ ತೆಪ್ಪಗಿದ್ದೆ. ನಿಮ್ಮಪ್ಪನಿಗೂ ಇದನ್ನು ಹೇಳಿಲ್ಲ. ನಿನಗೆ ಹೇಳುತ್ತಿರುವುದು ಕನಿಕರಕ್ಕಲ್ಲ. ಆ ತಲೆಯಾಡಿಸುವಿಕೆ ನನಗೆ ಚೆನ್ನಾಗಿ ಪರಿಚಯ, ಅದು ಒಂದು ಸಲಕ್ಕೆ ನಿಲ್ಲುವುದಿಲ್ಲ ಎಂದು ತಿಳಿಸಲಿಕ್ಕೆ.

ಆದ್ದರಿಂದ ನಿನ್ನ ಅನುಮತಿ ಕೇಳದೆ ಒಂದು ಕೆಲಸ ಮಾಡಿದ್ದೇನೆ. ನಿಮ್ಮ ಸಂಸ್ಥೆಯ ನಿರ್ದೇಶಕರಿಗೆ ನಾಲ್ಕು ಪುಟದ ಪತ್ರ ಬರೆದಿದ್ದೇನೆ. ಮುಲಾಮು, ಶೀಶೆ, ಎರಡು ಗ್ರಾಫು, ಎಲ್ಲವೂ ಅದರಲ್ಲಿದೆ. ಲಕೋಟೆ ಅಂಟಿಸಿ ಅಂಚೆಚೀಟಿ ಹಚ್ಚಿ ಕನ್ನಡಿಯ ಮುಂದೆ ಇಟ್ಟಿದ್ದೇನೆ. ಜೂನ್ ಮೂವತ್ತಕ್ಕೆ ಡಬ್ಬಕ್ಕೆ ಹಾಕುತ್ತೇನೆ. ಅಷ್ಟರೊಳಗೆ ನೀನೇ ಬಾಯಿಬಿಟ್ಟರೆ ಅದು ನಿನ್ನ ಮಾತಾಗುತ್ತದೆ. ಇಲ್ಲದಿದ್ದರೆ ಅಮ್ಮ ಹಿಡಿದುಕೊಟ್ಟ ಮಗಳಾಗುತ್ತೀಯ. ನಿಮ್ಮಪ್ಪ ಮೊದಲ ಸಲ ಪೇಪರು ಕೆಳಗಿಟ್ಟು, "ಹೆತ್ತ ಮಗಳಿಗೆ ಹೀಗೆ ಮಾಡ್ತೀಯಾ?" ಅಂದರು. ಮಾಡುತ್ತೇನೆ.

ಅಮ್ಮ


ಜೂನ್ 24

ಅಮ್ಮ,

ನಿನ್ನ ಲಕೋಟೆಯನ್ನು ಹರಿದು ಹಾಕು.

ಸಾಹೇಬರ ಕೋಣೆಗೆ ಹೋಗಲೇ ಇಲ್ಲ. ಮರುಪರೀಕ್ಷೆ ಕೋರಿ ನಿರ್ದೇಶಕರಿಗೆ ಅರ್ಜಿ ಬರೆದು ಟಪಾಲು ವಿಭಾಗದಲ್ಲಿ ಸ್ವೀಕೃತಿ ಮೊಹರು ಒತ್ತಿಸಿಕೊಂಡೆ. ಮೊಹರು ಬಿದ್ದ ಮೇಲೆ ನೋಡಿಲ್ಲ ಎನ್ನಲು ಯಾರಿಗೂ ಬರುವುದಿಲ್ಲ. ನಾಲ್ಕು ದಿನ ನನ್ನ ಜೊತೆ ಯಾರೂ ಚಹಾಕ್ಕೆ ಬರಲಿಲ್ಲ. ಐದನೆಯ ದಿನ ಮೂವರ ಎದುರಿಗೆ ಉಳಿಕೆ ಮಾದರಿಯ ಮೊಹರು ಒಡೆದರು. ಎರಡು ಬಿಲ್ಲೆ ನಾನು ಒತ್ತಿದೆ, ಸೀಳಿದ ಒಣಬೆರಳಲ್ಲಿ. ಮೂರು ಬಿಲ್ಲೆ ಬೇರೆಯವರು ಒತ್ತಿದರು. ಐದರಲ್ಲಿ ಒಂದರಲ್ಲೂ ಆ ಹಲ್ಲುಗಳಿಲ್ಲ. ಪುಡಿ ಹಾಲಿನಷ್ಟು ಶುದ್ಧವಾಗಿತ್ತು. ಮೊದಲಿನಿಂದಲೂ ಶುದ್ಧವಾಗಿಯೇ ಇತ್ತು.

ಹೇಳಿಕೆ ಬರೆಸಿಕೊಂಡರು. ಕೆಲಸದ ವೇಳೆ ಹೊರಗಿನಿಂದ ತಂದ ಮುಲಾಮು ಬಳಸಿದ್ದರಿಂದ ಆದ ದೋಷ ಎಂದು ಬರೆದುಕೊಟ್ಟೆ. ವರದಿ ರದ್ದಾಯಿತು, ಕಾರ್ಖಾನೆಗೂ ಕಾಗದ ಹೋಯಿತು. ನನ್ನನ್ನು ಯಂತ್ರದಿಂದ ಎಬ್ಬಿಸಿ ಕೆಳಗೆ ಮಾದರಿ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂರಿಸಿದ್ದಾರೆ. ಖಾಯಂ ಆಗುವುದು ಇನ್ನೊಂದು ವರ್ಷ ಆದ ಮೇಲೆ, ಅದೂ ಆದರೆ. ನೀನು ಕೇಳಿದ್ದೆಲ್ಲ ಆಯಿತು.

ಆದರೆ ಒಂದು ತಿಳಿದುಕೋ. ನಾನೇ ಮಾಡುತ್ತಿದ್ದೆ. ತಡವಾಗಿ ಮಾಡುತ್ತಿದ್ದೆ, ಹೆದರಿ ಮಾಡುತ್ತಿದ್ದೆ, ಆದರೂ ಮಾಡುತ್ತಿದ್ದೆ. ಈಗ ಯಾವತ್ತಿಗೂ ನನಗೆ ಅದು ಖಚಿತವಾಗುವುದಿಲ್ಲ, ನಿನ್ನ ಲಕೋಟೆ ಅದನ್ನು ನನ್ನಿಂದ ಕಿತ್ತುಕೊಂಡಿತು. ಇದನ್ನು ನಾನು ಮರೆಯುವುದಿಲ್ಲ.

ಜರಡಿಯವನ ಒಂದು ಚೀಟಿ ಇದರಲ್ಲಿದೆ. ಅವನ ಮೇಲೆ ಅಷ್ಟು ಕರುಣೆ ಇದ್ದರೆ ನೀನೇ ಹೋಗಿ ಹೇಳು. ನನಗೆ ಅವನ ಮುಖ ನೋಡಲು ಆಗುವುದಿಲ್ಲ.

(ಸಹಿ ಹಾಕುವ ಮನಸ್ಸಿಲ್ಲ)


ಜುಲೈ 7

ಮಗಳಿಗೆ,

ಲಕೋಟೆಯ ವಿಷಯದಲ್ಲಿ ನಿನ್ನ ಸಿಟ್ಟು ನ್ಯಾಯವಾದದ್ದು.

ಆದರೆ ಹೊರಗಿನಿಂದ ತಂದ ಮುಲಾಮು ಅಂದರೇನು? ನಾನು ಹೊರಗಿನವಳಾ? ನನ್ನನ್ನು ಉಳಿಸಬೇಕೆಂದು ಬರೆದೆಯೋ, ನನ್ನ ಹೆಸರೆತ್ತಲು ಅಸಹ್ಯವಾಗಿ ಬರೆದೆಯೋ ಗೊತ್ತಾಗಲಿಲ್ಲ. ಯಾವುದೇ ಆಗಲಿ, ಮೈಗೆ ಬೆಂಕಿ ಬಿದ್ದ ಹಾಗಾಯಿತು. ಮುಂದೆ ಯಾರು ಕೇಳಿದರೂ ನನ್ನ ತಾಯಿ ಮಾಡಿದ್ದು, ಅವಳಿಗೆ ಗೊತ್ತಿರಬೇಕಿತ್ತು ಎಂದೇ ಹೇಳು.

ಶನಿವಾರ ನಿಮ್ಮ ಊರಿಗೆ ಬಂದಿದ್ದೆ. ನಿನ್ನ ಮನೆಯ ಬೀದಿಯಲ್ಲೇ ಬಸ್ಸು ಹಾದುಹೋಯಿತು, ಇಳಿಯಲಿಲ್ಲ. ನೀನು ಕರೆದಿರಲಿಲ್ಲ. ನೇರವಾಗಿ ಆ ಚೀಟಿಯ ವಿಳಾಸಕ್ಕೆ ಹೋದೆ. ಎರಡು ಕೋಣೆಯ ಮನೆ. ಹೆಂಡತಿ ಕಿಟಕಿಯ ಬಳಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು, ನಾನು ಮಾತು ಶುರು ಮಾಡಿದಾಗ ತುಳಿಯುವುದನ್ನು ನಿಲ್ಲಿಸಿದವಳು ಮತ್ತೆ ತುಳಿಯಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಕೂರಿ ಅನ್ನಲಿಲ್ಲ ಅವರು, ಅನ್ನಬೇಕಾಗಿಯೂ ಇರಲಿಲ್ಲ.

ಅವನು ಕೇಳಿದ: "ಮಗಳನ್ನ ಬಿಟ್ಟುಬಿಡಿ ಅಂತ ಕೇಳೋಕೆ ಬಂದ್ರಾ?"

"ಇಲ್ಲಪ್ಪ. ಅವಳ ತಪ್ಪು ಅವಳು ಹೇಳ್ತಾಳೆ. ನಾನು ನನ್ನದು ಹೇಳೋಕೆ ಬಂದೆ."

"ಕಾರ್ಖಾನೆಯಿಂದ ಕಾಗದ ಬಂದಿದೆ" ಅಂದ. "ಕೆಲಸಕ್ಕೆ ಬಾ ಅಂತ ಇದೆ. ಹೋಗಿಲ್ಲ ನಾನು."

"ಯಾಕಪ್ಪ?"

"ನನ್ನನ್ನ ಕಳಿಸಿದ್ದು ಕಾಗದದಲ್ಲಲ್ಲಮ್ಮ. ಬೆಳಿಗ್ಗೆ ಏಳೂವರೆಗೆ ಪಾಳಿ ಶುರುವಾಗೋ ಮುಂಚೆ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಲ್ತೀವಿ. ಅಲ್ಲಿ ನಲವತ್ತು ಜನರ ಮುಂದೆ ನನ್ನ ಚೀಲ ಸುರಿದ್ರು, ಕೈ ಚಾಚು ಅಂದ್ರು, ಮೂಸಿ ನೋಡಿದ್ರು. ಹತ್ತೊಂಬತ್ತು ವರ್ಷ ಆ ಜರಡಿ ಹಿಡಿದ ಕೈ. ಈಗ ಕಾಗದ ಜೇಬಲ್ಲಿಟ್ಟುಕೊಂಡು ಹಿಂದಿನ ಬಾಗಿಲಿಂದ ಒಳಗೆ ಹೋಗಲಾ? ವರದಿ ಬರೆದವರು ಅದೇ ಅಂಗಳಕ್ಕೆ, ಅದೇ ಹೊತ್ತಿಗೆ ಬಂದು, ಅವರೆಲ್ಲರಿಗೂ ಕೇಳೋ ಹಾಗೆ ಹೇಳಲಿ. ಆಮೇಲೆ ಜರಡಿ ಮುಟ್ತೀನಿ."

ನಾನು ಹೂಂ ಅನ್ನಲಿಲ್ಲ. ನಿನ್ನ ಪರವಾಗಿ ಇನ್ನು ಯಾವುದಕ್ಕೂ ಹೂಂ ಅನ್ನುವುದಿಲ್ಲ, ದಿನವನ್ನೂ ಎಣಿಸುವುದಿಲ್ಲ. ಅವನು ಹೇಳಿದ್ದನ್ನು ನಿನಗೆ ತಲುಪಿಸಿದ್ದೇನೆ, ಅಷ್ಟೇ.

ಅಮ್ಮ


ಜುಲೈ 22

ಅಮ್ಮ,

ಹೋದೆ. ನಿನಗಾಗಿ ಅಲ್ಲ.

ಏಳೂಕಾಲಿಗೇ ತಲುಪಿದೆ. ಸಿಮೆಂಟಿನ ಅಂಗಳ, ಒಂದು ಬದಿಯಲ್ಲಿ ಸೈಕಲ್ಲುಗಳು, ಇನ್ನೊಂದು ಬದಿಯಲ್ಲಿ ಟೋಪಿ ಹಾಕಿಕೊಂಡು ಸಾಲಾಗಿ ನಿಂತ ಜನ. ಅವನು ಸಾಲಿನಲ್ಲಿರಲಿಲ್ಲ, ಗೇಟಿನ ಹೊರಗೇ ನಿಂತಿದ್ದ, ಅದೇ ಇಸ್ತ್ರಿ ಶರ್ಟು. ಮೇಲ್ವಿಚಾರಕ ನನ್ನನ್ನು ಯಾರೋ ಬಹುಮಾನ ಕೊಡಲು ಬಂದವಳ ಹಾಗೆ ಮುಂದೆ ನಿಲ್ಲಿಸಿದ. ಬರೆದು ತಂದದ್ದನ್ನು ಓದಲು ಹೋದೆ, ಅದು ಅರ್ಜಿಯ ಹಾಗಿತ್ತು, ಮಡಿಚಿಟ್ಟುಬಿಟ್ಟೆ. "ಜಿಡ್ಡು ಇದ್ದದ್ದು ಇವರ ಕೈಯಲ್ಲಲ್ಲ, ನನ್ನ ಕೈಯಲ್ಲಿ. ನಮ್ಮಮ್ಮ ಮಾಡಿಕೊಟ್ಟ ಮುಲಾಮು ಹಚ್ಚಿಕೊಂಡು ಪರೀಕ್ಷೆ ಮಾಡಿದೆ. ಇವರ ಪುಡಿ ಶುದ್ಧವಾಗಿತ್ತು. ಏಪ್ರಿಲ್‌ನಲ್ಲೇ ಗೊತ್ತಾಗಿದ್ರೂ ಹೇಳೋಕೆ ಜೂನ್‌ವರೆಗೆ ತಗೊಂಡೆ" ಅಂದೆ. ಹಿಂದಿನ ಸಾಲಿಗೂ ಕೇಳಿಸಿತು.

ಮೇಲ್ವಿಚಾರಕ ಚಪ್ಪಾಳೆ ತಟ್ಟಿದ. ನಾಲ್ಕಾರು ಜನ ಸೇರಿದರು. ಜರಡಿಯವನು ಗೇಟು ದಾಟಿ ಒಳಗೆ ಬಂದ. "ಚಪ್ಪಾಳೆ ಯಾಕೆ? ಅವತ್ತು ನನ್ನ ಕೈ ಮೂಸಿದ್ದು ನೀವೇ ಅಲ್ವಾ?" ಅಂದ. ಚಪ್ಪಾಳೆ ನಿಂತಿತು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವನು ಕೈಯೆತ್ತಿ ತಡೆದು, ನನ್ನ ಬೆರಳುಗಳನ್ನೇ ನೋಡುತ್ತ ಕೇಳಿದ:

"ನನ್ನದೊಂದೇನಾ ಮೇಡಂ? ಆ ಕೈಯಲ್ಲಿ ಇನ್ನೆಷ್ಟು ಜನರದ್ದು ಅರೆದಿದ್ದೀರಿ?"

ಟೋಪಿ ಹಾಕಿಕೊಂಡು ಒಳಗೆ ಹೋದ. ಐದು ತಿಂಗಳು ನೀನು ಕೇಳಲಿಲ್ಲ, ನಾನು ಕೇಳಿಕೊಳ್ಳಲಿಲ್ಲ, ನಿರ್ದೇಶಕರೂ ಕೇಳಲಿಲ್ಲ. ನಾವಿಬ್ಬರೂ ಒಬ್ಬರ ಮೇಲೊಬ್ಬರು ಹರಿಹಾಯುವುದರಲ್ಲೇ ಮುಳುಗಿದ್ದೆವು. ಕೇಳಿದ್ದು ಜರಡಿ ಹಿಡಿಯುವವನು.

ಪ್ರಯೋಗಶಾಲೆಗೆ ಬಂದು ದಾಖಲೆ ಪುಸ್ತಕ ತೆಗೆಸಿದೆ. ಶೀಶೆ ಬಂದ ದಿನದಿಂದ ಅದನ್ನು ಎಸೆದ ದಿನದವರೆಗೆ ಊಟದ ನಂತರ ನಾನು ಒತ್ತಿದ ಬಿಲ್ಲೆಗಳು ಅರವತ್ತೆರಡು. ಹೆಚ್ಚಿನವುಗಳಲ್ಲಿ ಜಿಡ್ಡು ಇದ್ದರೂ ಔಷಧಿಯದೇ ಹಲ್ಲುಗಳ ನಡುವೆ ಮುಚ್ಚಿಹೋಗಿದೆ, ಯಾರಿಗೂ ತೊಂದರೆಯಾಗಿಲ್ಲ. ಜಿಡ್ಡು ಬೆರೆತಿದೆ ಎಂದು ವರದಿ ಹೋದದ್ದು ಮೂರಕ್ಕೆ. ಒಂದು ಜರಡಿಯವನದು. ಇನ್ನೊಂದು ಫೆಬ್ರವರಿಯದು, ಉಳಿಕೆ ಇನ್ನೂ ಕಪಾಟಿನಲ್ಲಿದೆ, ತೆರೆಸಲು ಅವತ್ತೇ ಅರ್ಜಿ ಹಾಕಿ ಮೊಹರು ಒತ್ತಿಸಿಕೊಂಡೆ.

ಮೂರನೆಯದು ಡಿಸೆಂಬರ್ ನಾಲ್ಕರದು. ಅವತ್ತು ಸಹಿ ಬೇರೆಯವರದು, ಕೈ ನನ್ನದೇ. ಮಕ್ಕಳ ಮೈಗೆ ಹಾಕುವ ಪುಡಿಯನ್ನು ಮನೆಯ ಹಿಂದಿನ ಕೋಣೆಯಲ್ಲಿ ಡಬ್ಬಿಗೆ ತುಂಬಿ ಮಾರುತ್ತಿದ್ದ ಒಬ್ಬ ಹೆಂಗಸಿನದು. ಪರವಾನಗಿ ರದ್ದಾಗಿದೆ. ಉಳಿಕೆಯನ್ನು ಜೂನ್ ನಾಲ್ಕಕ್ಕೆ ಸುಟ್ಟರು. ಅವತ್ತು ನಾನು ಪ್ರಯೋಗಶಾಲೆಯಲ್ಲೇ ಇದ್ದೆ ಅಮ್ಮ. ಚಿಮಣಿಯಲ್ಲಿ ಹೊಗೆ ಏಳುವುದನ್ನು ನೋಡಿದೆ, ನೋಡಿ ಜರಡಿಯವನದು ಸುಡಲು ಇನ್ನೂ ಸಮಯವಿದೆ ಎಂದುಕೊಂಡೆ.

ಅವಳ ಪುಡಿ ಶುದ್ಧವಾಗಿತ್ತೋ ಇಲ್ಲವೋ ಇನ್ನು ಯಾವ ಯಂತ್ರವೂ ಹೇಳಲಾರದು. ಅವಳಿಗೆ ನಾವು ಏನು ಹೇಳುವುದು? ಕಳೆದ ಎರಡು ದಿನದಿಂದ ವಾಕ್ಯ ಕಟ್ಟಿ ನೋಡುತ್ತಿದ್ದೇನೆ, ಒಂದೂ ನಿಲ್ಲುತ್ತಿಲ್ಲ. ಏನೂ ಹೇಳಲು ಗೊತ್ತಾಗದೆಯೇ ಹೋಗಬೇಕು ಅನ್ನಿಸುತ್ತೆ.

ವಿಳಾಸ ನನ್ನ ಹತ್ತಿರವಿದೆ. ಗುರುವಾರ ರಜೆ ಹಾಕಿದ್ದೇನೆ. ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯುವ ಲಕ್ಷಣವೂ ಇಲ್ಲ. ಎಂಟರ ಬಸ್ಸಿಗೆ ಬಾ. ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ.

ನಿನ್ನ ಮಗಳು